ಅತ್ತೆ ಒಯ್ದ ದೆವ್ವದ ಕಾದಂಬರಿ

ಹಲ್ಲಿನ ಸೆಟ್ಟು ತಯಾರಿಸುವ ಆ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಪಾದರಸ ಅಂತಲೇ ಕರೆಯುತ್ತಿದ್ದರು. ಹೆಸರಿಟ್ಟವರು ಯಜಮಾನರು. ಮೇಣ ಹದಕ್ಕೆ ಕರಗಲಿ ಅಂತ ಒಂದು ಗಳಿಗೆ ಕಾಯುವುದೂ ಅವಳಿಂದಾಗದು. ಎದ್ದು ಹೋಗಿ ಕಿಟಕಿ ತೆರೆದು, ಗಾಳಿ ಜಾಸ್ತಿಯಾಯಿತು ಅಂತ ಮುಚ್ಚಿ, ಕಪಾಟಿನ ಮೇಲೆ ಹಲ್ಲು ಕಿಸಿದು ಕೂತ ಪ್ಲಾಸ್ಟರ್ ದವಡೆಗಳನ್ನು ಒಂದೊಂದಾಗಿ ಸರಿಸಿಟ್ಟು ಬರುತ್ತಿದ್ದಳು. ಆದರೆ ಕೈಗುಣ ದೊಡ್ಡದು. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚನ್ನು ಮುಂದಿಟ್ಟುಕೊಂಡು ಗುಲಾಬಿ ಮೇಣದ ವಸಡಿನಲ್ಲಿ ಒಂದೊಂದೇ ಹಲ್ಲು ನೆಡುತ್ತಾ ಹೋದಳೆಂದರೆ, ಹಾಕಿಕೊಂಡವರು ಮೊದಲ ದಿನವೇ ಹೊಟ್ಟೆ ತುಂಬ ಉಂಡು ಫೋನ್ ಮಾಡಿ ಹೇಳುತ್ತಿದ್ದರು. ಹಾಗಾಗಿ ಅವಳ ಓಡಾಟವನ್ನು ಯಜಮಾನರು ಹೊಟ್ಟೆಗೆ ಹಾಕಿಕೊಂಡಿದ್ದರು.

ಚಡಪಡಿಕೆ ಹುಟ್ಟುಗುಣವೇ ಸರಿ. ಆದರೆ ಗಂಡ ಹೋದ ಮೇಲೆ ಅದಕ್ಕೆ ರೆಕ್ಕೆ ಬಂದಿತ್ತು. ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ಗಟ್ಟಿ ಆಳು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವನು ಬಸ್ಸಿನ ಕಿಟಕಿಗೆ ತಲೆ ಆನಿಸಿದ್ದೇ ಕೊನೆ. ನಿದ್ದೆ ಹೋಗಿದ್ದಾನೆ ಅಂದುಕೊಂಡು ಕಂಡಕ್ಟರ್ ಕೊನೆಯ ಸ್ಟಾಪಿನವರೆಗೂ ಎಬ್ಬಿಸಿರಲಿಲ್ಲ. ಮಕ್ಕಳಿರಲಿಲ್ಲ. ಮೂರನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಉಳಿದವರು ಅವಳು ಮತ್ತು ಅವನ ತಾಯಿ.

ಅತ್ತೆ ಒಂದು ಶಾಲೆಯ ಅಡುಗೆಮನೆಯಲ್ಲಿ ಬದುಕೆಲ್ಲ ದುಡಿದು ನಿವೃತ್ತರಾದವರು. ಮುನ್ನೂರು ಮಕ್ಕಳಿಗೆ ಕೇಳಿಸುವ ಗಂಟಲು ಅವರದು. ಮಗ ಹೋದ ಮೇಲೆ ಆ ಗಂಟಲು ಎಲ್ಲಿ ಹೋಯಿತೋ. ಹಾಲು ಬಂತಾ, ಗ್ಯಾಸ್ ಮುಗೀತಾ, ಬಾಗಿಲು ಹಾಕಿದ್ಯಾ, ಇಷ್ಟೇ. ಅವನ ಮಾತು ಎಲ್ಲಾದರೂ ನುಸುಳಿದರೆ ಕಾದ ಬಾಣಲೆ ಮುಟ್ಟಿದವರ ಹಾಗೆ ಇಬ್ಬರೂ ಕೈ ಎಳೆದುಕೊಳ್ಳುತ್ತಿದ್ದರು. ಅತ್ತೆಗೆ ನೋವಾಗುತ್ತದೆ ಅಂತ ಸೊಸೆ, ಸೊಸೆಗೆ ನೋವಾಗುತ್ತದೆ ಅಂತ ಅತ್ತೆ.

ಇಂಥ ಮನೆಯೊಳಗೆ ಆ ಕಾದಂಬರಿ ಬಂತು.

ತಂದುಕೊಟ್ಟವಳು ಲ್ಯಾಬಿನಲ್ಲಿ ಪಾಲಿಶ್ ಯಂತ್ರದ ಮುಂದೆ ಕೂರುವ ಹೆಂಗಸು. ಎಲ್ಲರಿಗೂ ಅವಳು ಪಾಲಿಶ್ ಅಕ್ಕ. ದಪ್ಪ ಪುಸ್ತಕ, ಬಸ್ಸಿನಲ್ಲಿ ಓದಿ ಓದಿ ಮೂಲೆಗಳು ನಾಯಿಯ ಕಿವಿಯಂತಾಗಿದ್ದವು. ಸುಮ್ಮನೆ ಕೂತು ಅಭ್ಯಾಸವಾಗಲಿ ಅಂತ ಕೊಡ್ತಿದ್ದೀನಿ, ಮುಂದಿನ ವಾರ ನನ್ನ ತಂಗಿಗೆ ಬೇಕು, ಅಂದಳು.

ಪಾದರಸ ಅದನ್ನು ಮೊದಲು ತೆರೆದದ್ದು ಬಸ್ಸಿನಲ್ಲಿ, ಹೊತ್ತು ಹೋಗಲಿ ಅಂತ. ಒಂದು ದೊಡ್ಡ ಹಳೆಯ ಹೋಟೆಲು. ಅದರ ಒಂದು ಭಾಗ ಹಿಂದೆಂದೋ ಬೆಂಕಿಗೆ ಸುಟ್ಟು, ಆ ಕೋಣೆಗಳಿಗೆಲ್ಲ ಬೀಗ ಹಾಕಿದ್ದಾರೆ. ಅಲ್ಲಿಗೆ ಹೊಸದಾಗಿ ಕೆಲಸಕ್ಕೆ ಸೇರಿದ ಟೆಲಿಫೋನ್ ಹುಡುಗಿಯ ಮುಂದಿರುವ, ಯಾವ ಕೋಣೆಯಿಂದ ಕರೆ ಬಂತು ಅಂತ ದೀಪದಲ್ಲಿ ತೋರಿಸುವ ಹಲಗೆಯ ಮೇಲೆ, ಬೀಗ ಹಾಕಿದ ಕೋಣೆಯ ದೀಪ ಹೊತ್ತಿಕೊಳ್ಳುತ್ತದೆ. ಎತ್ತಿದರೆ ಆ ಕಡೆ ಯಾರೋ ಉಸಿರಾಡುವ ಸದ್ದು. ಹುಡುಗಿ ಎದೆ ಗಟ್ಟಿ ಮಾಡಿಕೊಂಡು ಯಾರು ಅಂತ ಕೇಳುತ್ತಾಳೆ. ಕೇಳಿದ್ದಕ್ಕೆ ಮಾತ್ರ ಉತ್ತರ ಬರುತ್ತದೆ.

ಅಷ್ಟು ಓದುವಾಗ ಅವಳು ಇಳಿಯಬೇಕಾದ ಸ್ಟಾಪು ಬಂದು ಹೋಗುವುದರಲ್ಲಿತ್ತು. ಬಸ್ಸು ಹೊರಡುವಾಗ ಹಾರಿ ಇಳಿದಳು.

ಅಲ್ಲಿಂದ ಅವಳ ಪಾಡು ನೋಡಬೇಕಿತ್ತು. ಕಥೆ ಮುಂದೆ ಹೋದ ಹಾಗೆ, ಬೆಂಕಿಯಲ್ಲಿ ಸತ್ತವರೆಲ್ಲ, ಮಾಲಿ, ಡಾಕ್ಟರು, ಅಡುಗೆಯವಳು, ಕುಂಟು ಕಾಲಿನ ಅತಿಥಿ, ಒಬ್ಬೊಬ್ಬರಾಗಿ ಫೋನಿಗೆ ಬರುತ್ತಾರೆ. ಸತ್ತವರು ಸುಳ್ಳು ಹೇಳುವುದಿಲ್ಲ; ಹೇಳಲಿಕ್ಕೆ ಇಷ್ಟವಿಲ್ಲದಿದ್ದರೆ ಸುಮ್ಮನಾಗುತ್ತಾರೆ, ಅಷ್ಟೇ. ಅರ್ಧ ಪುಸ್ತಕ ದಾಟುವಾಗ ಹುಡುಗಿಗೆ ಹೊಳೆಯುತ್ತದೆ: ಈ ದನಿಗಳಲ್ಲಿ ಒಂದು ಸತ್ತವರದ್ದಲ್ಲ. ಬೆಂಕಿ ಇಟ್ಟವರು ಬದುಕಿದ್ದಾರೆ, ದೆವ್ವದ ದನಿಯಲ್ಲಿ ಇವಳ ಜೊತೆ ಮಾತಾಡುತ್ತಿದ್ದಾರೆ. ಯಾರು? ಮಾಲಿಯೋ, ಡಾಕ್ಟರೋ, ಕುಂಟು ಕಾಲಿನ ಅತಿಥಿಯೋ?

ಪಾದರಸ ಮಾಲಿಯ ಮೇಲೆ ಕಣ್ಣಿಟ್ಟಳು. ಊಟದ ಬಿಡುವಿನಲ್ಲಿ ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಪುಸ್ತಕ. ಲ್ಯಾಬಿನ ಫೋನ್ ರಿಂಗಾದರೆ ಬೆಚ್ಚಿ ಬೀಳುವಳು. ಮನೆಯಲ್ಲಿ ಒಲೆಯ ಮುಂದೆ ನಿಂತು ಓದಲು ಹೋಗಿ ಪಾತ್ರೆ ತಳ ಹಿಡಿಸಿದಳು. ಹೊಗೆ ಕಂಡು ಬಂದ ಅತ್ತೆ ಪುಸ್ತಕದ ಮುಖಪುಟ ನೋಡಿದರು. ಕಪ್ಪು ಬಣ್ಣ, ಒಂದು ಟೆಲಿಫೋನು, ಒಂದು ಬೂದು ಕೈ. ಇಂಥದ್ದನ್ನೆಲ್ಲ ಯಾಕೆ ಮನೆಯೊಳಗೆ ತರ್ತೀಯ ಅಂತ ಅಷ್ಟೇ ಹೇಳಿ ಹೋದರು. ಅವಳು ಅಂದಿನಿಂದ ಪುಸ್ತಕವನ್ನು ದಿಂಬಿನ ಕೆಳಗೆ ಇಡತೊಡಗಿದಳು; ಕೆಲಸ ಕೆಡುತ್ತದೆ ಅಂತ ಲ್ಯಾಬಿಗೆ ಒಯ್ಯುವುದನ್ನೂ ಬಿಟ್ಟಳು. ಓದಿ ನಿಲ್ಲಿಸಿದಲ್ಲಿ ಮೇಣದ ಒಂದು ಚೂರು ಪಟ್ಟಿ. ಕೆಲವೊಮ್ಮೆ ಸಂಜೆ ಬಂದು ನೋಡಿದರೆ ಪುಸ್ತಕ ತಲೆಕೆಳಗಾಗಿರುತ್ತಿತ್ತು. ನಾನೇ ಹಾಗೆ ಇಟ್ಟೆನೇನೋ ಅಂದುಕೊಳ್ಳುತ್ತಿದ್ದಳು.

ಭಯವೂ ಇತ್ತು, ಅದಕ್ಕಿಂತ ಹೆಚ್ಚಾಗಿ ಖುಷಿಯಿತ್ತು. ಎರಡು ವರ್ಷದಲ್ಲಿ ಮೊದಲ ಬಾರಿಗೆ ನಾಳೆ ಬೇಗ ಬರಲಿ ಅನ್ನಿಸುತ್ತಿತ್ತು. ಆದರೆ ಓದುತ್ತ ಓದುತ್ತ ಇನ್ನೊಂದು ಪ್ರಶ್ನೆ ತಲೆ ಎತ್ತಿತು. ಆ ಟೆಲಿಫೋನ್ ಹುಡುಗಿಯ ಜಾಗದಲ್ಲಿ ತಾನಿದ್ದರೆ ಏನು ಕೇಳುತ್ತಿದ್ದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆ ಬೆಳಿಗ್ಗೆ ಗಂಡ ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತ, ಸಂಜೆ ಬಂದು ನಿಂಗೊಂದು ವಿಷಯ ಹೇಳ್ತೀನಿ ಅಂದಿದ್ದ. ಈಗಲೇ ಹೇಳಿ ಅಂದಳು. ಊಹೂಂ, ಕೂತು ಹೇಳಬೇಕು, ಅಂದ. ನೀನು ಕೂತರೆ ತಾನೇ ಅಂತ ನಕ್ಕು ಮೆಟ್ಟಿಲಿಳಿದ. ಆ ವಿಷಯ ಏನು? ಒಳ್ಳೆಯದೋ, ಕೆಟ್ಟದ್ದೋ? ಕಾಯಿಲೆ ಏನಾದರೂ ಗೊತ್ತಾಗಿತ್ತೇ? ಬೇರೆ ಊರಿನಲ್ಲಿ ಕೆಲಸವೇ? ಕೆಟ್ಟ ಗಳಿಗೆಯಲ್ಲಿ ಇನ್ನೂ ಏನೇನೋ ತಲೆಗೆ ಬರುತ್ತಿತ್ತು. ಅವನ ಜೊತೆ ಕೆಲಸ ಮಾಡುತ್ತಿದ್ದವರನ್ನೆಲ್ಲ ಸುತ್ತಿ ಬಳಸಿ ವಿಚಾರಿಸಿದ್ದಳು. ಯಾರಿಗೂ ಏನೂ ಗೊತ್ತಿರಲಿಲ್ಲ.

ಕೊನೆಯ ಎರಡು ಅಧ್ಯಾಯ ಉಳಿದಿದ್ದ ದಿನ ಬೆಳಿಗ್ಗೆ, ಅತ್ತೆ ಸ್ವಲ್ಪ ದಿನ ಮಗಳ ಮನೆಗೆ ಹೋಗಿಬರ್ತೀನಿ ಅಂದರು. ಆಗಾಗ ಹೋಗುವುದಿತ್ತು. ಹ್ಞೂಂ ಅಂದು, ಜೋಪಾನ ಅಂದು, ಇವಳು ಲ್ಯಾಬಿಗೆ ಓಡಿದಳು. ದಿನವಿಡೀ ಕೈ ಕೆಲಸದಲ್ಲಿ, ಮನಸ್ಸು ಹೋಟೆಲಿನಲ್ಲಿ. ಪುಸ್ತಕ ಎಂದಿನಂತೆ ಮನೆಯಲ್ಲಿ, ದಿಂಬಿನ ಕೆಳಗಿತ್ತು. ಸಂಜೆ ಬೇಗ ಹೋಗಿ, ಕಾಲು ಚಾಚಿ, ಒಂದೇ ಗುಟುಕಿಗೆ ಮುಗಿಸುವ ಆಸೆ.

ಮನೆಗೆ ಬಂದು ದಿಂಬು ಎತ್ತಿದರೆ ಪುಸ್ತಕವಿಲ್ಲ.

ಹಾಸಿಗೆ ಕೊಡವಿದಳು. ಮಂಚದ ಕೆಳಗೆ ಬಗ್ಗಿದಳು. ಅಡುಗೆಮನೆಯ ಡಬ್ಬಿಗಳ ಹಿಂದೆ, ಬಟ್ಟೆ ಒಗೆಯುವ ಯಂತ್ರದ ಸಂದಿಯಲ್ಲಿ, ಹಳೆಯ ಪೇಪರಿನ ಕಟ್ಟಿನಲ್ಲಿ ಹುಡುಕಿದಳು. ಅತ್ತೆಯ ಕೋಣೆಗೆ ಹೋಗಿ ಅವರ ಬೀರುವನ್ನೂ ತೆರೆದಳು. ಮೇಲಿನ ಖಾನೆ ಖಾಲಿ, ಕೆಳಗಿನದೂ ಖಾಲಿ. ಇಲ್ಲೂ ಇಲ್ಲ ಅಂತ ಬಾಗಿಲು ಹಾಕಿದಳು. ಕಾಲು ಸುಟ್ಟ ಬೆಕ್ಕಿನ ಹಾಗೆ ಎರಡು ಕೋಣೆಯಲ್ಲೂ ಸುತ್ತಿ ಸುತ್ತಿ, ಕಡೆಗೆ ದೆವ್ವದ ಕಥೆ ಓದಿದ್ದಕ್ಕೆ ದೆವ್ವವೇ ಎತ್ತಿಕೊಂಡು ಹೋಯಿತೋ ಏನೋ ಅನ್ನಿಸಿ ತನ್ನಷ್ಟಕ್ಕೆ ನಕ್ಕಳು.  ಮನೆ ತುಂಬ ಸುಮ್ಮನಿತ್ತು.

ಮರುದಿನ ಲ್ಯಾಬಿನಲ್ಲಿ ಅವಳು ಒಬ್ಬ ವೃದ್ಧರ ಸೆಟ್ಟಿಗೆ ಬಲಗಡೆಯ ಕೋರೆಹಲ್ಲನ್ನು ಎಡಗಡೆಗೆ, ಎಡಗಡೆಯದನ್ನು ಬಲಗಡೆಗೆ ನೆಟ್ಟಳು. ಮೇಣದಲ್ಲೇ ಕಣ್ಣಿಗೆ ಬಿತ್ತು, ಸರಿಹೋಯಿತು. ಯಜಮಾನರು ಬೈಯಲಿಲ್ಲ. ಕನ್ನಡಕ ಹಣೆಗೇರಿಸಿ ಅವಳ ಮುಖ ನೋಡಿ, ಮೈಗೆ ಹುಷಾರಿಲ್ವಾ ಅಂತ ಕೇಳಿದರು. ಪುಸ್ತಕ ಕಳೆದಿದೆ ಅಂತ ಹೇಗೆ ಹೇಳುವುದು? ಪಾಲಿಶ್ ಅಕ್ಕ ಬೇರೆ ಯಂತ್ರ ನಿಲ್ಲಿಸಿ, ಮುಗೀತಾ, ಯಾರು ಅಂತ ಗೊತ್ತಾಯ್ತಾ, ನನ್ನ ತಂಗಿ ಕೇಳ್ತಿದ್ದಾಳೆ ಅಂತ ಪೀಡಿಸುತ್ತಿದ್ದಳು. ಯಾರು ಅಂತ ನೀನೇ ಹೇಳಿಬಿಡು ಅನ್ನುವ ಮಾತು ಪಾದರಸದ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಇನ್ನೊಬ್ಬರ ಬಾಯಲ್ಲಿ ಕೇಳುವಂಥದ್ದಲ್ಲ ಅದು.

ಸಂಜೆ ನಾದಿನಿಗೆ ಫೋನ್ ಮಾಡಿದಳು. ಅತ್ತೆ ಆರಾಮಾ, ಗುಳಿಗೆ ತಗೊಂಡ್ರಾ, ಅಲ್ಲಿ ಸೆಕೆನಾ ಅಂತೆಲ್ಲ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದಳು. ನಾದಿನಿಯ ದನಿ ಯಾಕೋ ಬಿಗಿಯಾಗಿತ್ತು. ಅಮ್ಮ ಯಾರ ಹತ್ರನೂ ಮಾತಾಡ್ತಿಲ್ಲ, ಬಾಲ್ಕನಿಯಲ್ಲಿ ಒಂದು ಕಪ್ಪು ಪುಸ್ತಕ ಹಿಡ್ಕೊಂಡು ಕೂತಿದ್ದಾರೆ, ಊಟಕ್ಕೆ ಕರೆದರೂ ಏಳಲ್ಲ, ಅಂದಳು.

ಪಾದರಸದ ಮೈಯೆಲ್ಲ ಕಿವಿಯಾಯಿತು. ಫೋನ್ ಇಟ್ಟ ಮೇಲೆ ಸಿಟ್ಟು ಬಂತು, ನಗುವೂ ಬಂತು. ಯಾಕೆ ಮನೆಯೊಳಗೆ ತರ್ತೀಯ ಅಂದವರೇ ಗಂಟುಕಟ್ಟಿಕೊಂಡು ಹೋಗಿದ್ದಾರೆ! ಭಾನುವಾರದವರೆಗೆ ಕಾಯುವುದು ಅವಳಿಂದಾಗುವ ಕೆಲಸವಲ್ಲ. ಬೆಳಿಗ್ಗೆ ಯಜಮಾನರ ಹತ್ತಿರ ಮನೆಯ ತುರ್ತು ಅಂತ ರಜೆ ಕೇಳಿ ಬಸ್ ಹತ್ತಿದಳು. ದಾರಿಯುದ್ದಕ್ಕೂ ಸೀಟಿನ ತುದಿಯಲ್ಲೇ ಕೂತಿದ್ದಳು. ಪುಸ್ತಕ ಹೇಗೆ ಕೇಳುವುದು ಅಂತ ಮಾತು ಜೋಡಿಸಿದಳು, ಒಡೆದಳು, ಮತ್ತೆ ಜೋಡಿಸಿದಳು.

ನಾದಿನಿ ಬಾಗಿಲು ತೆರೆದವಳು ಒಂದು ಕ್ಷಣ ಹಾಗೇ ನಿಂತಳು. ಒಳಗೆ ಕರೆದು ನೇರ ಅಡುಗೆಮನೆಗೆ ಕರೆದುಕೊಂಡು ಹೋಗಿ, ನಲ್ಲಿ ಬಿಟ್ಟು, ತಗ್ಗಿದ ದನಿಯಲ್ಲಿ ಕೇಳಿದಳು.

"ಅತ್ತಿಗೆ, ನಿಮ್ಮಿಬ್ಬರ ಮಧ್ಯೆ ಏನಾದ್ರೂ ಆಯ್ತಾ?"

"ಏನೂ ಇಲ್ವಲ್ಲ. ಯಾಕೆ?"

"ಅಮ್ಮ ಇನ್ಮೇಲೆ ಇಲ್ಲೇ ಇರ್ತೀನಿ ಅಂತಿದ್ದಾರೆ. ಎರಡು ದೊಡ್ಡ ಬ್ಯಾಗು ತಂದಿದ್ದಾರೆ. ಸ್ವೆಟರು, ಹಳೇ ಕನ್ನಡಕ, ಎಲ್ಲ. ನಿಮಗೆ ಹೇಳಿಲ್ವಾ?"

 ಪಾದರಸದ ಕಣ್ಣ ಮುಂದೆ ಅತ್ತೆಯ ಬೀರು ಬಂತು. ಮೇಲಿನ ಖಾನೆ ಖಾಲಿ, ಕೆಳಗಿನ ಖಾನೆ ಖಾಲಿ. ತಾನೇ ಕೈಯಾರೆ ತೆರೆದು ನೋಡಿದ್ದಳು. ಪುಸ್ತಕವಿಲ್ಲ ಅಂತ ಮಾತ್ರ ಕಂಡಿತ್ತು.

ನಾದಿನಿ ಹೇಳುತ್ತ ಹೋದಳು. ಅಮ್ಮನ ಲೆಕ್ಕ ಹೀಗಂತೆ: ಮಗನೇ ಇಲ್ಲದ ಮೇಲೆ ಅದು ಸೊಸೆಯ ಮನೆ. ಅವಳಿನ್ನೂ ಸಣ್ಣ ವಯಸ್ಸಿನವಳು, ನನ್ನನ್ನು ಕಟ್ಟಿಕೊಂಡು ಎಷ್ಟು ದಿನ ಇರಬೇಕು, ಬಾಯಿಬಿಟ್ಟು ಹೋಗು ಅನ್ನುವ ಜಾತಿಯಲ್ಲ ಅವಳು, ನಾನೇ ತಿಳಿದು ಹೋಗಬೇಕು. ನನಗೇನೂ ಭಾರ ಅಲ್ಲ ಅತ್ತಿಗೆ, ಆದರೆ ಇಲ್ಲಿ ಬಂದಾಗಿನಿಂದ ಅಮ್ಮ ಅಮ್ಮನ ಹಾಗಿಲ್ಲ, ಅಂತ ನಾದಿನಿ ಕಣ್ಣೊರೆಸಿಕೊಂಡಳು.

ಬಾಲ್ಕನಿ ಅಂದರೆ ಒಂದು ಕುರ್ಚಿ, ಒಣಗಲು ಹಾಕಿದ ಬಟ್ಟೆ, ಕೆಳಗೆ ಸೈಕಲ್ ರಿಪೇರಿ ಅಂಗಡಿಯ ಟಕಟಕ. ಅತ್ತೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಪುಸ್ತಕದಲ್ಲಿ ಮುಳುಗಿದ್ದರು. ನೆರಳು ಬಿದ್ದದ್ದಕ್ಕೆ ತಲೆ ಎತ್ತಿದರು. ಸೊಸೆಯನ್ನು ನೋಡಿ ಅವರ ಮುಖ ಮೊದಲು ಅರಳಿತು, ಆಮೇಲೆ ಬಿಗಿದುಕೊಂಡಿತು. ಪುಸ್ತಕ ತಾನಾಗಿ ಸೆರಗಿನ ಕೆಳಗೆ ಹೋಯಿತು.

"ಕರ್ಕೊಂಡು ಹೋಗೋಕೆ ಬಂದ್ಯಾ?" ಅಂತ ಕೇಳಿದರು.

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾಲಿಗೆಯ ಮೇಲೆ ಅದೇ ಇತ್ತು. ಆದರೆ ಇಷ್ಟು ದಿನ ಓದಿದ ಪುಸ್ತಕದಲ್ಲಿ ಯಾರು ಸುಳ್ಳು ಹೇಳುತ್ತಾರೆ ಅಂತ ಹುಡುಕಿ ಹುಡುಕಿ, ಅವಳಿಗೆ ಈಗ ಒಂದು ಸಣ್ಣ ಸುಳ್ಳೂ ಹೊರಡಲಿಲ್ಲ.

"ಇಲ್ಲ ಅತ್ತೆ. ಪುಸ್ತಕಕ್ಕೆ ಬಂದೆ. ನೀವು ಮನೆ ಬಿಟ್ಟೇ ಬಂದಿದ್ದೀರಿ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಈಗ ಒಳಗೆ ಗೊತ್ತಾಯ್ತು."

ಅತ್ತೆ ಅವಳನ್ನೇ ನೋಡಿದರು. ಹೊಟ್ಟೆಯ ಆಳದಿಂದ ಏನೋ ಕುಲುಕುತ್ತ ಮೇಲೆ ಬಂತು. ಅಳುತ್ತಾರೆ ಅಂದುಕೊಂಡು ಪಾದರಸ ಒಂದು ಹೆಜ್ಜೆ ಮುಂದೆ ಬಂದಳು. ಅತ್ತೆ ನಗುತ್ತಿದ್ದರು. ಬಾಲ್ಕನಿಯ ಸರಳು ಹಿಡಿದುಕೊಂಡು, ಮೈಯೆಲ್ಲ ಅಲುಗಿ, ಕೆಳಗಿನ ಸೈಕಲ್ ಅಂಗಡಿಯವನು ಕತ್ತೆತ್ತಿ ನೋಡುವಷ್ಟು.

"ಇಷ್ಟು ದೂರ, ರಜೆ ಹಾಕಿ, ದೆವ್ವದ ಪುಸ್ತಕಕ್ಕೆ! ನಿನ್ನ ಬುದ್ಧಿಗಿಷ್ಟು. ಕೂತ್ಕೋ."

ಕೂರಲು ಇನ್ನೊಂದು ಕುರ್ಚಿ ಇರಲಿಲ್ಲ. ಹೊಸಿಲ ಮೇಲೆ ಕೂತಳು. ಆಮೇಲೆ ಬಂದದ್ದೆಲ್ಲ ಪುಸ್ತಕದ ಮಾತೇ. ಸೊಸೆ ಲ್ಯಾಬಿಗೆ ಹೋದ ಕೂಡಲೇ ದಿಂಬಿನ ಕೆಳಗಿಂದ ತೆಗೆದು, ಅವಳು ಬರುವ ಹೊತ್ತಿಗೆ ಇಟ್ಟುಬಿಡುತ್ತಿದ್ದರಂತೆ. ಹೊರಡುವ ದಿನ ಕೊನೆಯ ಎರಡು ಅಧ್ಯಾಯ ಬಿಟ್ಟುಬರಲು ಮನಸ್ಸಾಗಲಿಲ್ಲವಂತೆ. ನಿನ್ನೆಯೇ ಮುಗಿಯಿತು, ಈಗ ಎರಡನೇ ಸಲ ಓದ್ತಿದ್ದೀನಿ ಅಂದರು. ನಾನು ಡಾಕ್ಟರು ಅಂದುಕೊಂಡಿದ್ದೆ, ಅಂತ ಶುರು ಮಾಡಿದವರ ಬಾಯಿಗೆ ಪಾದರಸ ಕೈ ಅಡ್ಡ ಹಿಡಿದಳು. ನಾನು ಓದೋವರೆಗೂ ಒಂದಕ್ಷರ ಹೇಳಕೂಡದು. ಮಾಲಿಯಲ್ಲ ಅಂತಾದ್ರೂ ಹೇಳಲಾ? ಅದನ್ನೂ ಹೇಳಬೇಡಿ. ಹೇಳಿದ ಹಾಗೇ ಆಯ್ತಲ್ಲ ಅತ್ತೆ, ಅಂತ ಅವಳು ನಿಜಕ್ಕೂ ಸಿಟ್ಟಾದಳು.

ನಾದಿನಿ ಚಹಾ ತಂದುಕೊಟ್ಟು, ಇಬ್ಬರನ್ನೂ ಒಮ್ಮೆ ನೋಡಿ, ಒಳಗೆ ಹೋದಳು.

 ಅತ್ತೆ ಲೋಟದೊಳಗೆ ನೋಡುತ್ತ ಕೇಳಿದರು.

"ಆ ಹುಡುಗಿಗೆ ಸಿಕ್ಕ ಹಾಗೆ ನಿಂಗೂ ಒಂದು ಫೋನು ಸಿಕ್ಕಿದ್ರೆ, ಅವನನ್ನ ಏನು ಕೇಳ್ತಿದ್ದೆ?"

ಎರಡು ವರ್ಷದಲ್ಲಿ ಅವರು ಅವನ ಮಾತೆತ್ತಿದ್ದು ಅದೇ ಮೊದಲು. ಪಾದರಸ ಲೋಟವನ್ನು ಕೆಳಗಿಟ್ಟಳು.

"ನೀವು ಮೊದಲು ಹೇಳಿ."

"ನಂದೇನು ದೊಡ್ಡದಲ್ಲ." ಅತ್ತೆಯ ದನಿ ಅಡುಗೆಮನೆಯಲ್ಲಿ ಉಪ್ಪು ಕೇಳುವಷ್ಟು ಸಾದಾ ಇತ್ತು. "ಅವತ್ತು ನಾನು ಇಲ್ಲಿದ್ದೆ, ಇವಳ ಮನೇಲಿ. ಬೆಳಿಗ್ಗೆ ತಿಂಡಿ ತಿಂದು ಹೋದ್ನಾ, ಹಸಿದ ಹೊಟ್ಟೇಲಿ ಹೋದ್ನಾ ಅಂತ. ಲೋಕದ ಮಕ್ಕಳಿಗೆಲ್ಲ ಬಡಿಸಿದೆ. ಅವತ್ತು ಅವನು ತಿಂದಿದ್ನೋ ಇಲ್ವೋ, ಗೊತ್ತಿಲ್ಲ."

"ತಿಂದ್ರು ಅತ್ತೆ." ಪಾದರಸ ತಡಮಾಡಲಿಲ್ಲ. "ಚೆನ್ನಾಗಿ ತಿಂದ್ರು. ಎರಡನೇ ಸಲ ಹಾಕಿಸ್ಕೊಂಡು ತಿಂದ್ರು. ನಂಗೆ ಉಳೀಲಿಲ್ಲ ಅಂತ ನಾನು ಬೈದೆ ಕೂಡ."

ಅತ್ತೆ ತಲೆಯಾಡಿಸಿದರು. ಮತ್ತೆ ಆಡಿಸಿದರು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಎರಡನೇ ಸಲ ಹಾಕಿಸಿಕೊಂಡನಾ ಅಂತ ತಮ್ಮಷ್ಟಕ್ಕೇ ಅಂದುಕೊಂಡರು. ಇಷ್ಟು ದಿನ ನನ್ನನ್ನ ಕೇಳಬಹುದಿತ್ತಲ್ಲ ಅನ್ನುವ ಮಾತನ್ನು ಸೊಸೆ ನುಂಗಿದಳು. ತಾನೂ ಹೇಳಬಹುದಿತ್ತು.

ಆಮೇಲೆ ಅವಳು ತನ್ನದನ್ನು ಹೇಳಿದಳು. ಬೂಟಿನ ದಾರ, ಸಂಜೆ ಹೇಳುತ್ತೇನೆ ಅಂದ ವಿಷಯ, ಅದರ ಹಿಂದೆ ತಾನು ಅಲೆದ ಅಲೆತ, ತಲೆಗೆ ಬಂದ ಕೆಟ್ಟ ಯೋಚನೆಗಳನ್ನೂ ಬಿಡದೆ ಹೇಳಿದಳು. ಹೇಳುತ್ತ ಹೇಳುತ್ತ ಎದ್ದು ನಿಂತಿದ್ದಳು. ಒಣಗಿದ ಬಟ್ಟೆಗಳನ್ನೆಲ್ಲ ತೆಗೆದು ಮಡಚಿಯೂ ಆಗಿತ್ತು.

ಅತ್ತೆ ಪೂರ್ತಿ ಕೇಳಿದರು. ಆಮೇಲೆ ಅವರ ತುಟಿಯ ಒಂದು ಮೂಲೆ ಮೇಲೆ ಹೋಯಿತು.

"ಅದಾ? ಅವನು ಹುಟ್ಟಿದಾಗಿಂದ ಹಾಗೇ ಕಣೇ. ಸಂಜೆ ಒಂದು ವಿಷಯ ಹೇಳ್ತೀನಮ್ಮ ಅಂತ ಶಾಲೆಗೆ ಹೋಗೋನು. ನಾನು ಇಡೀ ದಿನ ಎದೇಲಿ ಬೆಂಕಿ ಇಟ್ಕೊಂಡು ಅನ್ನ ಬೇಯಿಸೋದು. ಸಂಜೆ ಬಂದು ಏನು ಹೇಳೋನು ಗೊತ್ತಾ? ಮೇಷ್ಟ್ರ ಚಪ್ಪಲಿ ಕಿತ್ತೋಯ್ತು ಅಂತ. ಒಂದ್ಸಲ ಬೆಕ್ಕು ಮರಿ ಹಾಕಿದೆ ಅಂತ. ವಿಷಯಕ್ಕಿಂತ ಕಾಯಿಸೋದೇ ಅವನಿಗೆ ಖುಷಿ."

"ಇದೂ ಅಂಥದ್ದೇ ಅಂತೀರಾ?"

"ನಂಗೇನು ಗೊತ್ತು? ಇದ್ರೂ ಇರಬಹುದು, ಇಲ್ದೇನೂ ಇರಬಹುದು."

ಅದು ಉತ್ತರವಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆದರೆ ಚಪ್ಪಲಿಯ ಮಾತಿಗೆ ಪಾದರಸಕ್ಕೆ ತಡೆಯಲಾರದ ನಗು ಬಂತು. ನಕ್ಕಿದ್ದು ಅಳುವಾಗಿ ತಿರುಗಿದ್ದು ಯಾವಾಗ ಅಂತ ಅವಳಿಗೇ ತಿಳಿಯಲಿಲ್ಲ. ಅತ್ತೆ ಎದ್ದು ಬರಲಿಲ್ಲ, ತಲೆ ಸವರಲಿಲ್ಲ. ಮಡಚಿದ ಬಟ್ಟೆಯಿಂದ ಒಂದು ಟವೆಲ್ ತೆಗೆದು ಕೈಗೆ ಕೊಟ್ಟರು.

ಮುಖ ಒರೆಸಿಕೊಂಡು ಅವಳು, ಮನೆಗೆ ಬನ್ನಿ ಅತ್ತೆ, ಅಂದಳು. ಪುಸ್ತಕಕ್ಕೆ ಬಂದದ್ದು ನಿಜ, ಈಗ ಕರೆಯುತ್ತಿರುವುದೂ ನಿಜ ಅಂದಳು. ಅತ್ತೆ ಕೂಡಲೇ ಒಪ್ಪಲಿಲ್ಲ. ನಾಳೆ ನಿಂಗೆ ಬೇರೆ ಬದುಕು ಬೇಕು ಅನ್ನಿಸಿದ್ರೆ ಅಂತ ಕೇಳಿದರು. ಅನ್ನಿಸಿದ ದಿನ ನಿಮ್ಮನ್ನೇ ಮೊದಲು ಕೇಳ್ತೀನಿ, ಈಗ ಬ್ಯಾಗು ಎಲ್ಲಿದೆ ಹೇಳಿ, ಅಂತ ಅವಳು ಆಗಲೇ ಒಳಗೆ ಹೊರಟಿದ್ದಳು. ನಾದಿನಿ ಊಟ ಮಾಡಿಸದೆ ಬಿಡಲಿಲ್ಲ.

ಮಧ್ಯಾಹ್ನದ ಬಸ್ಸು ಅರ್ಧ ಖಾಲಿ. ಎರಡು ಬ್ಯಾಗನ್ನು ಕಾಲ ಸಂದಿಯಲ್ಲಿ ಸಿಕ್ಕಿಸಿಕೊಂಡು ಪಾದರಸ ಪುಸ್ತಕ ತೆರೆದಳು. ಅತ್ತೆ ಕಿಟಕಿಯ ಕಡೆ ಕೂತು ಹೊರಗೆ ನೋಡುವ ಹಾಗೆ ನಟಿಸುತ್ತ, ಇವಳು ಪುಟ ತಿರುಗಿಸಿದಾಗಲೆಲ್ಲ ಓರೆಗಣ್ಣಲ್ಲಿ ಮುಖ ನೋಡುತ್ತಿದ್ದರು. ಎಲ್ಲಿಗೆ ಬಂತು? ಹುಡುಗಿಗೆ ಕೀ ಸಿಕ್ಕ ಜಾಗಕ್ಕೆ. ಓದು, ಓದು. ಹುಡುಗಿ ಒಬ್ಬಳೇ ಸುಟ್ಟ ಮಹಡಿಗೆ ಹತ್ತುತ್ತಾಳೆ. ಬೀಗ ತೆಗೆಯುತ್ತಾಳೆ. ಒಳಗೆ ಟೆಲಿಫೋನ್ ಹಿಡಿದು ಕೂತವರು ಬೆನ್ನು ತಿರುಗಿಸಿದ್ದಾರೆ. ಪಾದರಸದ ಮೊಣಕಾಲು ತಾನಾಗಿ ಕುಣಿಯತೊಡಗಿತು. ಅತ್ತೆ ಅದರ ಮೇಲೆ ಕೈಯಿಟ್ಟು ಒತ್ತಿ ಹಿಡಿದರು.

ಅಡುಗೆಯವಳು!

ಮಾಲಿಯಲ್ಲ, ಡಾಕ್ಟರಲ್ಲ. ಸತ್ತವರು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾರೆ. ಅಡುಗೆಯವಳೊಬ್ಬಳೇ ಮೊದಲಿನಿಂದ ಕೇಳದೆ ಮಾತಾಡುತ್ತಿದ್ದಳು, ಊಟ ಆಯಿತಾ, ಚಳಿ ಇದೆಯಾ ಅಂತ. ಎಲ್ಲ ಕಣ್ಣ ಮುಂದೆಯೇ ಇತ್ತು. ಅವಳು ಹಿಂದಿನ ಪುಟಗಳಿಗೆ ಹಾರಿ, ಹೌದೇ ಹೌದು ಅಂತ ತೋರಿಸುತ್ತ ಹೋದಳು.

"ಅಡುಗೆಯವಳನ್ನ ಯಾರೂ ಲೆಕ್ಕಕ್ಕೇ ಇಟ್ಕೊಳ್ಳಲ್ಲ," ಅಂದರು ಅತ್ತೆ. ಗೆದ್ದವರ ದನಿಯಲ್ಲಿ. "ಆದ್ರೂ ಬೆಂಕಿ ಇಡೋ ಜಾತಿ ಅಲ್ಲ ನಾವು. ಬರೆದವರಿಗೆ ಒಲೆ ವಿಷಯ ತಿಳೀದು. ಅಷ್ಟು ದೊಡ್ಡ ಅಡುಗೆಮನೇಲಿ ಎಣ್ಣೆ ಯಾರಾದ್ರೂ ಮೆಟ್ಟಿಲ ಕೆಳಗೆ ಇಡ್ತಾರಾ?"

ಪಾದರಸ ಒಪ್ಪಲಿಲ್ಲ. ಅವಳು ಬೇಕಂತಲೇ ಇಟ್ಟದ್ದು, ಅದೇ ತಾನೇ ಸಾಕ್ಷಿ, ಅಂದಳು. ಅತ್ತೆಯ ಹಳೆಯ ಗಂಟಲು ಮೆಲ್ಲಗೆ ಏರಿತು. ಮುಂದಿನ ಸೀಟಿನವರು ತಿರುಗಿ ನೋಡಿದರು. ಎಣ್ಣೆಯ ಡಬ್ಬ ಎಲ್ಲಿರಬೇಕಿತ್ತು, ಹುಡುಗಿ ಕೊನೆಗೆ ಹೋಟೆಲು ಬಿಟ್ಟು ಹೋದದ್ದು ಸರಿಯೇ, ಫೋನಿನ ಆ ಕಡೆ ಉಳಿದ ಸತ್ತವರ ಗತಿಯೇನು ಅಂತ ಇಬ್ಬರೂ ಜಿದ್ದಿಗೆ ಬಿದ್ದರು. ಕಂಡಕ್ಟರು ಬಂದು, ಎಲ್ಲಿ ಇಳೀಬೇಕಮ್ಮ ನೀವು ಅಂತ ಕೇಳಿದಾಗ ಅವರ ಸ್ಟಾಪು ಹಿಂದೆ ಸರಿದು ಹೋಗಿತ್ತು. ಮುಂದಿನದರಲ್ಲಿ ಇಳಿದರು. ಬಿಸಿಲಿನ್ನೂ ಇತ್ತು. ಎರಡೂ ಬ್ಯಾಗನ್ನು ಪಾದರಸ ಎತ್ತಿಕೊಂಡಳು, ಪುಸ್ತಕವನ್ನು ಅತ್ತೆ ಹಿಡಿದುಕೊಂಡರು. ಅವಳು ಮುಂದೆ ಮುಂದೆ ಹೋಗುವುದು, ನಿಲ್ಲುವುದು, ತಿರುಗಿ ವಾದಕ್ಕೆ ಇನ್ನೊಂದು ಮಾತು ಸೇರಿಸುವುದು, ಹೀಗೆ ಇಬ್ಬರೂ ಮನೆಯ ಕಡೆ ನಡೆದರು.